ಬುಗುರಿ ಪಾಸಾದಳು

ಜೂನ್ ೯

ಮಗಳೇ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಬುಗುರಿಯ ಎರಡು ಮೊಣಕಾಲು, ಒಂದು ಮೊಣಕೈ ಮತ್ತು ನನ್ನ ಗಾಜಿನ ಲೋಟ ಬಿಟ್ಟರೆ ಇಲ್ಲಿ ಉಳಿದದ್ದೆಲ್ಲ ಕ್ಷೇಮ.

ನಿನ್ನ ಮಗಳು ಸಪಾಟು ನೆಲದ ಮೇಲೆ ಬೀಳುತ್ತಾಳೆ. ಎಡವಲು ಏನೂ ಇಲ್ಲದ ಕಡೆ ಎಡವುತ್ತಾಳೆ. ತಿರುಗುವಾಗ ಚೆಂದ, ನಿಲ್ಲುವಾಗ ಉರುಳುತ್ತಾಳೆ ಎಂದು ನಾನು ತಮಾಷೆಗೆ ಇಟ್ಟ ಹೆಸರು ಈಗ ಶಾಲೆಯವರ ಬಾಯಲ್ಲೂ ಓಡಾಡುತ್ತಿದೆ. ಮೊನ್ನೆ ಅಲ್ಲಿಯ ದೊಡ್ಡ ಮೇಡಂ ನನ್ನನ್ನು ಕರೆಸಿದರು. ಪಿ.ಟಿ. ಮೇಷ್ಟ್ರಾಗಿ ನಾನು ಎಷ್ಟೋ ಮಕ್ಕಳ ಅಪ್ಪಂದಿರನ್ನು ಕರೆಸಿದವನು. ನಾನೇ ಕರೆಸಿಕೊಂಡವನಾಗಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತದ್ದು ಇದೇ ಮೊದಲು.

ಅವರು ಬುಗುರಿಯ ನೋಟುಪುಸ್ತಕ ತೆರೆದಿಟ್ಟರು. ಅಕ್ಷರಗಳು ಗೆರೆ ಬಿಟ್ಟು ಬೀದಿಗೆ ಬಂದಿದ್ದವು. "ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾಳೆ ಸರ್. ಬರಿ ಅಂದ್ರೆ ಅರ್ಧ ಪುಟ ಆಗೋ ಹೊತ್ತಿಗೆ ಗಂಟೆ ಹೊಡೆದಿರುತ್ತೆ. ಗುಂಡಿ ಹಾಕ್ಕೊಳ್ಳೋಕೆ ಆಗಲ್ಲ, ಕತ್ತರಿ ಹಿಡಿಯೋಕೆ ಆಗಲ್ಲ. ಒಂದ್ಸಲ ಮಕ್ಕಳ ಕೇಂದ್ರಕ್ಕೆ ಕರ್ಕೊಂಡು ಹೋಗಿ, ಕೈಕಾಲಿನ ಪರೀಕ್ಷೆ ಮಾಡಿಸಿ" ಎಂದರು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಹೀಗೇ ಅರ್ಧ ಬರೆದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ ಎಂದೂ ಸೇರಿಸಿದರು.

ನನಗೆ ಮೈಯೆಲ್ಲ ಉರಿಯಿತು. ಪಿ.ಟಿ. ಮೇಷ್ಟ್ರ ಮೊಮ್ಮಗಳಿಗೆ ಕೈಕಾಲಿನ ಪರೀಕ್ಷೆ! ಮೀನಿನ ಮರಿಗೆ ಈಜು ಬರುತ್ತದೆಯೇ ಎಂದು ಕೇಳಿದ ಹಾಗಾಯಿತು. ಆದರೂ ಹೋಗಿ ಹೆಸರು ಬರೆಸಿ ಬಂದಿದ್ದೇನೆ. ಜುಲೈ ಕೊನೆಗೆ ಸರದಿ.

ನೀನೋ ಬೆಟ್ಟದ ಹೊಟ್ಟೆಯಲ್ಲಿ ಸುರಂಗದ ದಾರಿ ಅಳೆಯುತ್ತಾ ಕೂತಿದ್ದೀಯ, ಫೋನು ಮುಟ್ಟದ ಜಾಗದಲ್ಲಿ. ಈ ಕಾಗದವನ್ನು ಸಾಮಾನಿನ ಲಾರಿಗೆ ಹತ್ತಿಸುತ್ತೇನೆ. ಅದಕ್ಕಿಂತ ವೇಗವಾಗಿ ನಾನೇ ಓಡಿ ಬರಬಲ್ಲೆ ಎನ್ನಿಸುತ್ತಿದೆ.

ಸೀಟಿ ಇನ್ನೂ ಜೇಬಿನಲ್ಲೇ ಇಟ್ಟುಕೊಂಡಿರುವ
ನಿನ್ನ ಅಪ್ಪ


ಜೂನ್ ೨೩

ಅಪ್ಪ,

ನಿಮ್ಮ ಕಾಗದ ಸಿಮೆಂಟ್ ಚೀಲಗಳ ನಡುವೆ ಸಿಕ್ಕಿತು. ಜಾಡಿಸಿಕೊಂಡು ಓದಿದೆ, ಓದಿ ಮತ್ತೆ ಓದಿದೆ.

ಮೇಡಂ ಹೇಳಿದ್ದು ಸರಿ. ನಮ್ಮ ಶಿಬಿರದ ನರ್ಸಮ್ಮನನ್ನು ಕೇಳಿದೆ. ಕೆಲವು ಮಕ್ಕಳಿಗೆ ಬುದ್ಧಿ ಚುರುಕಾಗಿರುತ್ತದೆ, ಕಣ್ಣು ಚೆನ್ನಾಗಿರುತ್ತದೆ, ಮೈಯಲ್ಲಿ ಬಲವೂ ಇರುತ್ತದೆ. ಆದರೆ ಮನಸ್ಸು ಹೇಳಿದ್ದು ಕೈಗೆ ತಲುಪುವಷ್ಟರಲ್ಲಿ ದಾರಿಯಲ್ಲಿ ಚೆಲ್ಲಿಹೋಗುತ್ತದಂತೆ. ಎಲ್ಲಿ ಚೆಲ್ಲುತ್ತದೆ, ಎಷ್ಟು ಚೆಲ್ಲುತ್ತದೆ ಎಂದು ನೋಡುವುದೇ ಆ ಪರೀಕ್ಷೆ. ಕಷ್ಟ ಇರುವುದು ನಿಜ ಎಂದಾದರೆ ಕೇಂದ್ರದವರು ವಾರವಾರ ಕರೆಸಿ ಕಲಿಸುತ್ತಾರೆ. ಅವರ ಮಾತಿನ ಮೇಲೆ ಶಾಲೆಯವರು ಬರೆಯಲು ಹೆಚ್ಚು ಹೊತ್ತು ಕೊಡುತ್ತಾರೆ. ಇದರಲ್ಲಿ ಪಾಸು ಫೇಲು ಇಲ್ಲ ಅಪ್ಪ. ಇದ್ದ ಹಾಗೇ ಕರೆದುಕೊಂಡು ಹೋಗಿ, ಇದ್ದ ಹಾಗೇ ತೋರಿಸಿ.

ಇನ್ನೊಂದು ಮಾತು. ಅವಳು ಬಿದ್ದಾಗ "ಏಳು, ಏನೂ ಆಗಿಲ್ಲ" ಅನ್ನಬೇಡಿ. ಏನೋ ಆಗಿರುತ್ತದೆ.

ಅವಳಪ್ಪ ಹೋದ ಮೇಲೆ ಇಷ್ಟು ದೂರದ ಕೆಲಸ ಹಿಡಿಯುವುದು ಅನಿವಾರ್ಯವಾಯಿತು, ನಿಮಗೆ ಗೊತ್ತಲ್ಲ. ಆದರೆ ಇಲ್ಲಿ ಕೊರೆಯುವ ಯಂತ್ರ ನಿಂತಾಗಲೆಲ್ಲ ನಮ್ಮ ಮನೆಯಲ್ಲಿ ಏನೋ ಬಿದ್ದ ಸದ್ದು ಕೇಳಿದ ಹಾಗಾಗುತ್ತದೆ.

ಕೂತಲ್ಲಿ ಕೂರಲಾರದ
ನಿಮ್ಮ ಮಗಳು


ಜುಲೈ ೮

ಮಗಳೇ,

ಪಾಸು ಫೇಲು ಇಲ್ಲ ಎನ್ನುವುದು ಸೋತ ತಂಡದವರು ಹೇಳುವ ಮಾತು. ಗೆದ್ದವರು ಹಾಗೆ ಹೇಳಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ.

ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ. ಬುಗುರಿಯೂ ನಾನೂ ಒಂದು ಗುಟ್ಟಿನ ಕೆಲಸದಲ್ಲಿದ್ದೇವೆ. ಅವಳ ಬಾಯಿಗೆ ಬೀಗ ಹಾಕಿದ್ದೇನೆ, ಬೀಗದ ಕೈ ನನ್ನ ಹತ್ತಿರ ಇದೆ. ನಿನಗೆ ಆಮೇಲೆ ಹೇಳುತ್ತೇನೆ. ಮೊನ್ನೆ ಬಿದ್ದಾಗ ನಾನು "ಏನೂ ಆಗಿಲ್ಲ" ಅನ್ನಲಿಲ್ಲ. ಬರೀ "ಏಳು" ಅಂದೆ.

ಅವಸರದಲ್ಲಿರುವ
ಅಪ್ಪ


ಜುಲೈ ೩೦

ಮಗಳೇ, ನನ್ನ ಮಗಳೇ,

ಬುಗುರಿ ಪಾಸಾದಳು!

ಬೀಗ ತೆಗೆಯುತ್ತೇನೆ, ಕೇಳು. ಹೆಸರು ಬರೆಸಲು ಹೋದ ದಿನ ಆ ಕೇಂದ್ರದ ಬಾಗಿಲಿಗೆ ಗಾಜು ಇರುವುದನ್ನು ನೋಡಿದೆ. ಒಳಗೆ ಬೇರೆ ಮಗುವಿಗೆ ಪರೀಕ್ಷೆ ನಡೆಯುತ್ತಿತ್ತು. ಎದುರು ತಂಡದ ಅಭ್ಯಾಸ ನೋಡುವ ಅವಕಾಶ ಸಿಕ್ಕರೆ ಯಾವ ಕೋಚ್ ಬಿಡುತ್ತಾನೆ? ನಿಂತು ನೋಡಿದೆ, ಎಲ್ಲವನ್ನೂ ತಲೆಯಲ್ಲಿ ತುಂಬಿಕೊಂಡೆ. ತೂತು ಹಲಗೆಗೆ ಸಣ್ಣ ಗೂಟ ಸಿಕ್ಕಿಸಬೇಕು, ಒಂದು ಕೈಯಲ್ಲಿ, ಆಮೇಲೆ ಇನ್ನೊಂದು ಕೈಯಲ್ಲಿ. ದಾರ ಪೋಣಿಸಬೇಕು. ಎರಡು ಗೆರೆಗಳ ನಡುವಿನ ಸೊಟ್ಟ ದಾರಿಯಲ್ಲಿ ಪೆನ್ನು ಓಡಿಸಬೇಕು, ಗೆರೆ ಮುಟ್ಟಬಾರದು. ಚೆಂಡು ಹಿಡಿಯಬೇಕು, ಚೀಲ ಗುರಿಗೆ ಎಸೆಯಬೇಕು. ಒಂಟಿ ಕಾಲಲ್ಲಿ ನಿಲ್ಲಬೇಕು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಗೆರೆಯ ಮೇಲೆ ನಡೆಯಬೇಕು. ಇಷ್ಟೇ.

ಮನೆಗೆ ಬಂದವನೇ ಬಡಗಿಯ ಹತ್ತಿರ ಹಲಗೆಗೆ ತೂತು ಹೊಡೆಸಿದೆ. ಹಳೇ ಕಾಲುಚೀಲಕ್ಕೆ ಮರಳು ತುಂಬಿ ಹೊಲಿದೆ. ನಡುಮನೆಯಲ್ಲಿ ಬಣ್ಣದ ಟೇಪಿನ ಗೆರೆ ಎಳೆದೆ. ಶಾಲೆಗೆ ಮುಂಚೆ ಒಂದು ಸುತ್ತು, ಶಾಲೆಯ ನಂತರ ಒಂದು ಸುತ್ತು. ಅತ್ತಳು, ಬಿಡಲಿಲ್ಲ. ಹಲಗೆ ಎತ್ತಿ ಬಿಸಾಡಿದಳು, ಆರಿಸಿ ತಂದು ಮುಂದಿಟ್ಟೆ. ಕೊನೆಕೊನೆಗೆ ಕಣ್ಣು ಮುಚ್ಚಿ ಗೂಟ ಹಾಕುತ್ತಿದ್ದಳು.

ಪರೀಕ್ಷೆ ಮಾಡಿದ ಥೆರಪಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಂಕ ಕೂಡಿಸಿ, ಕಳೆದು, ಮತ್ತೆ ಕೂಡಿಸಿದಳು. "ವಯಸ್ಸಿಗೆ ತಕ್ಕ ಹಾಗೇ ಇದೆ" ಎಂದಳು, ಏನೋ ಸಂಶಯದಲ್ಲಿ. ಸಂಶಯ ಪಡಲಿ ಬಿಡು. ನಾನು ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಬಿಸ್ಕತ್ತು ಹಂಚಿದೆ.

ಎದೆಯುಬ್ಬಿಸಿಕೊಂಡಿರುವ
ನಿನ್ನ ಅಪ್ಪ


ಆಗಸ್ಟ್ ೧೫

ಅಪ್ಪ,

ಬಿಸ್ಕತ್ತು ಹಂಚಿದಿರಿ.

ನಾನು ಇದನ್ನು ಸಮಾಧಾನದಿಂದ ಬರೆಯಬೇಕೆಂದು ಎರಡು ಲಾರಿ ಹೋಗಲು ಬಿಟ್ಟೆ. ಸಮಾಧಾನ ಬರಲಿಲ್ಲ.

ನನ್ನ ಜೊತೆ ಅಳತೆಯ ಕೋಲು ಹಿಡಿದು ನಿಲ್ಲುವವನೊಬ್ಬ ಇದ್ದಾನೆ, ಬಹಳ ಒಳ್ಳೆಯವನು. ಒಮ್ಮೆ ನನ್ನ ಲೆಕ್ಕ ಕೂಡಿಬರುತ್ತಿಲ್ಲ ಎಂದು ನಾನು ಪರದಾಡುವುದನ್ನು ನೋಡಿ, ಯಾರಿಗೂ ಹೇಳದೆ ಕೋಲಿನ ಅಡಿಗೆ ಒಂದು ಕಲ್ಲು ಇಟ್ಟ. ಪ್ರೀತಿಯಿಂದಲೇ ಇಟ್ಟ. ಲೆಕ್ಕ ಕೂಡಿಬಂತು. ನೆಲ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಆ ಕಲ್ಲು ಕಣ್ಣಿಗೆ ಬೀಳದಿದ್ದರೆ ಸುರಂಗವೇ ದಾರಿ ತಪ್ಪುತ್ತಿತ್ತು. ನೀವು ಬುಗುರಿಯ ಕಾಲಡಿ ಕಲ್ಲು ಇಟ್ಟಿರಿ ಅಪ್ಪ. ಈಗ ಶಾಲೆಯವರು ಏನನ್ನುತ್ತಾರೆ ಗೊತ್ತೇ? ಕಷ್ಟ ಇಲ್ಲ ಎಂದ ಮೇಲೆ ಸೋಮಾರಿತನ ಎನ್ನುತ್ತಾರೆ. ಹೆಚ್ಚು ಹೊತ್ತು ಇಲ್ಲ, ಕೇಂದ್ರದಲ್ಲಿ ಜಾಗ ಇಲ್ಲ.

ಪರೀಕ್ಷೆಗೆ ಮುಂಚೆ ಅವರು ಒಂದು ಪ್ರಶ್ನೆ ಕೇಳಿರಬೇಕು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತೇ ಎಂದು. ನೀವು ಇಲ್ಲ ಎಂದಿರುತ್ತೀರಿ.

ಅಪ್ಪ, ನಾನು ಇವತ್ತಿಗೂ ಬೂಟಿನ ಲೇಸು ಕಟ್ಟುವುದಿಲ್ಲ. ಅಂಗಡಿಯವನ ಕೈಯಲ್ಲಿ ಕಟ್ಟಿಸಿಕೊಂಡದ್ದರೊಳಗೆ ಹಾಗೇ ಕಾಲು ತೂರಿಸುತ್ತೇನೆ. ಬಿಚ್ಚಿಹೋದರೆ ಮರೆಗೆ ಹೋಗಿ ಗಂಟು ಬಿಗಿಯುತ್ತೇನೆ. ಚಿಕ್ಕವಳಿದ್ದಾಗ "ಲೇಸು ಕಟ್ಟೋಕೆ ಬರದವರು ಮೈದಾನಕ್ಕೆ ಇಳೀಬಾರ್ದು" ಎಂದು ನೀವು ಹುಡುಗಿಯರ ಸಾಲಿನಿಂದ ನನ್ನನ್ನು ಹೊರಗೆ ನಿಲ್ಲಿಸುತ್ತಿದ್ದಿರಿ. ಮೇಷ್ಟ್ರು ಮಗಳೆಂದು ರಿಯಾಯಿತಿ ತೋರಿಸಲಿಲ್ಲ ಎಂದು ಎಲ್ಲರೂ ನಿಮ್ಮನ್ನು ಹೊಗಳುತ್ತಿದ್ದರು. ಚೆಂಡು ಕೈಬಿಟ್ಟಾಗಲೆಲ್ಲ ಒಂದು ಗಾದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಕ್ಕಳೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಾನು ನೆಲ ಅಳೆಯುವ ಕೆಲಸವನ್ನೇ ಯಾಕೆ ಹಿಡಿದೆ ಎಂದು ನಿಮಗೆ ಯಾವತ್ತಾದರೂ ಅನ್ನಿಸಿದೆಯೇ? ನೆಲ ನಿಜವಾಗಿಯೂ ಡೊಂಕೇ, ಅಪ್ಪ. ಅಳೆದು ನೋಡಿದ್ದೇನೆ.

ಆ ಹೆಣ್ಣುಮಗಳ ಹತ್ತಿರ ಹೋಗಿ ನಡೆದದ್ದನ್ನು ಹೇಳಿ. ಹೇಳುವವರೆಗೆ ನನಗೆ ಬರೆಯಬೇಡಿ.

ಮಗಳು


ಸೆಪ್ಟೆಂಬರ್ ೨

ಮಗಳೇ,

ಬರೆಯಬೇಡಿ ಎಂದಿದ್ದೀಯ. ಬರೆಯುತ್ತಿದ್ದೇನೆ, ಆದರೆ ಲಾರಿಗೆ ಹತ್ತಿಸುತ್ತೇನೋ ಇಲ್ಲವೋ ಗೊತ್ತಿಲ್ಲ.

ಎರಡು ಸಲ ಕೇಂದ್ರದ ಗೇಟಿನವರೆಗೆ ಹೋಗಿ ವಾಪಸು ಬಂದೆ. ಬಿಸ್ಕತ್ತು ತಿಂದವರ ಕಣ್ಣು ತಪ್ಪಿಸಿಕೊಂಡು ಹಿಂದಿನ ರಸ್ತೆಯಿಂದ ಓಡಾಡುತ್ತಿದ್ದೇನೆ. ಟೇಪಿನ ಗೆರೆ ಕಿತ್ತು ಹಾಕಿದೆ. ಅದರ ಅಂಟು ಮಾತ್ರ ನೆಲದಲ್ಲಿ ಉಳಿದಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮನೆಯೊಳಗೆ ನಡೆಯುವಾಗ ಕಾಲಿಗೆ ಅಂಟುತ್ತದೆ.

ನೀನು ಹೇಳಿದ ಹಾಗೇ ಆಯಿತು. ತರಗತಿಯ ಟೀಚರ್ ಬುಗುರಿಯನ್ನು ಆಟದ ಹೊತ್ತಿನಲ್ಲಿ ಒಳಗೆ ಕೂರಿಸಿ ಉಳಿದ ಪುಟ ಬರೆಸುತ್ತಾರೆ. ಬೇಕಂತಲೇ ಹೀಗೆ ಮಾಡುತ್ತಾಳೆ, ಪರೀಕ್ಷೆಯಲ್ಲೇ ಗೊತ್ತಾಯಿತಲ್ಲ ಎಂದರಂತೆ. ನಿನ್ನೆ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಬಂದು ನನ್ನೆದುರು ನಿಂತಳು.

"ತಾತ, ನಾನು ಪಾಸಾದೆ ಅಲ್ವಾ?"

"ಹೂಂ ಕಣೇ."

"ಮತ್ತೆ ನನ್ನ ಕೈ ಯಾಕೆ ಹಾಗೇ ಇದೆ?"

ಇಷ್ಟು ವರ್ಷದಲ್ಲಿ ಮಕ್ಕಳು ಕೇಳಿದ್ದಕ್ಕೆ ಏನಾದರೊಂದು ಗದರಿ ಉತ್ತರ ಕೊಟ್ಟವನು ನಾನು. ನಿನ್ನೆ ಅವಳ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದೆ, ಅಷ್ಟೇ. ನಾಳೆ ಬೆಳಿಗ್ಗೆ ಹೋಗುತ್ತೇನೆ.

ಅಪ್ಪ


ಸೆಪ್ಟೆಂಬರ್ ೪

ಮಗಳೇ,

ಹೋದೆ, ಹೇಳಿದೆ. ಹಿಂದಿನ ಕಾಗದವನ್ನೂ ಇದರ ಜೊತೆಗೇ ಕಳಿಸುತ್ತಿದ್ದೇನೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಆ ಹೆಣ್ಣುಮಗಳು ಪೆನ್ನು ಕೆಳಗಿಟ್ಟು, "ಅನುಮಾನ ಇತ್ತು ಸರ್. ಒಂದೊಂದಕ್ಕೂ ಮುಂಚೆ 'ರೆಡಿ, ಒನ್, ಟೂ' ಅಂತ ತನಗೆ ತಾನೇ ಹೇಳ್ಕೊತಿದ್ಲು. ಗೂಟ ಅಷ್ಟು ಚೆನ್ನಾಗಿ ಹಾಕಿದ ಮಗು ಹೊರಡುವಾಗ ಚಪ್ಪಲಿ ಎಡಬಲ ಮಾಡ್ಕೊಂಡ್ಲು. ಆದ್ರೆ ಬಂದ ಅಂಕ ಬಿಟ್ಟು ನಾನು ಬೇರೆ ಬರೆಯೋ ಹಾಗಿರಲಿಲ್ಲ" ಎಂದಳು.

"ಹಾಗಾದ್ರೆ ಇವತ್ತೇ ಇನ್ನೊಂದ್ಸಲ ಮಾಡಿಬಿಡಮ್ಮ" ಎಂದೆ.

"ಇವತ್ತು ಮಾಡಿದ್ರೆ ಅವಳ ಕೈ ಅಳೆದ ಹಾಗಾಗಲ್ಲ, ನಿಮ್ಮ ಕೋಚಿಂಗ್ ಅಳೆದ ಹಾಗಾಗುತ್ತೆ. ಜನವರಿಗೆ ಬನ್ನಿ. ಅಲ್ಲೀವರೆಗೂ ಇದ್ಯಾವುದನ್ನೂ ಆಡಿಸಬೇಡಿ. ಮರೀಲಿ."

ಜನವರಿ! ವರ್ಷದ ಪರೀಕ್ಷೆ ಮಾರ್ಚಿನಲ್ಲಿ. ಅಲ್ಲಿಯವರೆಗೆ ನಾನು ಕೈಕಟ್ಟಿ ಕೂರಬೇಕು. ಸುಮ್ಮನಿರುವ ಕೆಲಸವನ್ನು ನನಗೆ ಯಾರೂ ಕಲಿಸಿಲ್ಲ. ಒಂದು ಯೋಚನೆ ಬಂದಿದೆ. ಮುಂದಿನ ಸಲ ಒಂದೆರಡು ಚೆಂಡು ಬಿಡು, ಗೂಟ ಸ್ವಲ್ಪ ನಿಧಾನಕ್ಕೆ ಹಾಕು ಎಂದು ಬುಗುರಿಗೆ ಕಿವಿಯಲ್ಲಿ ಹೇಳಿದರೆ ಹೇಗೆ?

ನಿನ್ನ ಇನ್ನೊಂದು ವಿಷಯದ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಬರೆದು ಹೊಡೆದು ಹಾಕಿದೆ, ಮತ್ತೆ ಬರೆದು ಮತ್ತೆ ಹೊಡೆದು ಹಾಕಿದೆ.

ಅಪ್ಪ


ಅಕ್ಟೋಬರ್ ೧೦

ಅಪ್ಪ,

ಖಂಡಿತ ಬೇಡ. ಬೀಳು ಎಂದು ಹೇಳಿಕೊಡುವುದೂ ಕೋಚಿಂಗೇ. ಕಲ್ಲು ತೆಗೆದು ಆ ಜಾಗದಲ್ಲಿ ಗುಂಡಿ ತೋಡಬೇಡಿ.

ಹೋಗಿ ಹೇಳಿದ್ದಕ್ಕೆ... ನಾನೂ ಬರೆದು ಹೊಡೆದು ಹಾಕಿದೆ.

ನಿಮ್ಮ ಕೈ ಸುಮ್ಮನಿರದಿದ್ದರೆ ಅವಳಿಗೆ ಓದಿ ಹೇಳಿ. ಕಥೆ ಕೇಳುವುದಕ್ಕೆ ಅಂಗಿಯ ಗುಂಡಿ ಹಾಕಲು ಬರಬೇಕಾಗಿಲ್ಲ. ಇಲ್ಲಿ ಬಂಡೆ ಗಟ್ಟಿಯಾಗಿದೆ, ಕೆಲಸ ತೆವಳುತ್ತಿದೆ. ಎರಡೂ ಕಡೆಯಿಂದ ಕೊರೆದುಕೊಂಡು ಬರುತ್ತಿರುವ ಸುರಂಗ ನಡುವೆ ಕೂಡುತ್ತದೋ ಇಲ್ಲವೋ ಎಂದು ನನ್ನ ಜೀವ ಹಾರುತ್ತಿದೆ. ನನ್ನ ಅಳತೆ ತಪ್ಪಿದ್ದರೆ ಎರಡು ಬಾಯಿಗಳೂ ಒಂದನ್ನೊಂದು ದಾಟಿ ಹೋಗಿಬಿಡುತ್ತವೆ.

ನಿಮ್ಮ ಮಗಳು


ಜನವರಿ ೧೯

ಮಗಳೇ,

ಇವತ್ತು ಆಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಬಂದ ಕಾಲಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಬುಗುರಿಯದರಂತೆ ಕಂಡರೆ ನಗಬೇಡ.

ಒಬ್ಬಳೇ ಒಳಗೆ ಹೋಗುವುದಿಲ್ಲ ಎಂದು ಅವಳು ಬಾಗಿಲಿಗೆ ಅಂಟಿಕೊಂಡಳು. ಆ ಹೆಣ್ಣುಮಗಳು ನನಗೂ ಒಂದು ಕುರ್ಚಿ ಹಾಕಿಸಿದಳು. "ತಲೆ ಆಡಿಸಬಾರ್ದು, ಕಣ್ಣು ಮಿಟುಕಿಸಬಾರ್ದು, ಕೆಮ್ಮಬಾರ್ದು. ಸೀಟಿ ಇದ್ರೆ ನನಗೆ ಕೊಡಿ" ಎಂದಳು. ಕೊಟ್ಟೆ. ಜೇಬು ಖಾಲಿಯಾಗಿ ಒಂದು ಥರಾ ಆಯಿತು.

ಗೂಟ ಬೇರೆ ಥರದವು, ಪೆನ್ನು ಓಡಿಸುವ ದಾರಿ ಬೇರೆ ಥರದ್ದು. ಮಗು ಗೂಟ ಹಿಡಿದು ತೂತಿನ ಸುತ್ತ ಹುಡುಕುತ್ತಿತ್ತು. ತೂತು ಅಲ್ಲೇ ಇತ್ತು, ಅವಳ ಕಣ್ಣೂ ಅಲ್ಲೇ ಇತ್ತು, ಕೈ ಮಾತ್ರ ಪಕ್ಕಕ್ಕೆ ಹೋಗುತ್ತಿತ್ತು. ನಾಲಿಗೆ ಹೊರಗೆ ಚಾಚಿ, ಭುಜ ಕಿವಿಯವರೆಗೆ ಏರಿಸಿ, ಇಡೀ ಮೈಯಿಂದ ಒಂದು ಗೂಟ ಹಾಕುತ್ತಿದ್ದಳು. ನಾನು ಮೊದಲೂ ಇದನ್ನೇ ನೋಡಿರಬೇಕು ಮಗಳೇ, ಮನೆಯಲ್ಲಿ ಎಷ್ಟೋ ಸಲ. ಆಗ ನನ್ನ ಕಣ್ಣು ಗೂಟದ ಮೇಲಿತ್ತು. ಇವತ್ತು ಅವಳ ಮುಖ ನೋಡಿದೆ. ಆ ಮುಖ ನನಗೆ ಗೊತ್ತಿತ್ತು. ಮೈದಾನದ ಅಂಚಿನಲ್ಲಿ ಲೇಸು ಹಿಡಿದುಕೊಂಡು ಕೂತಿರುತ್ತಿದ್ದ ಮುಖ ಅದು.

ಆಮೇಲೆ ಚೆಂಡು. ಅವಳು ನನ್ನ ಕಡೆ ನೋಡಿದಳು, ನಾನು ಕಲ್ಲಿನಂತೆ ಕೂತೆ. ಹಿಡಿಯಲಿ ಎಂದೂ ಬೇಡಿಕೊಂಡೆ, ಬಿಡಲಿ ಎಂದೂ ಬೇಡಿಕೊಂಡೆ, ಒಂದೇ ಉಸಿರಿನಲ್ಲಿ. ಬಿಟ್ಟಳು. ಮತ್ತೆ ಬಿಟ್ಟಳು. ಚೆಂಡು ಮೂಗಿಗೆ ಬಡಿಯಿತು. ಆಮೇಲೊಂದನ್ನು, ಅದು ಹೇಗೋ, ಎದೆಗೆ ಅವುಚಿಕೊಂಡು ಹಿಡಿದೇಬಿಟ್ಟಳು. ನಾನು "ಭೇಷ್!" ಎಂದು ಎದ್ದು ನಿಂತುಬಿಟ್ಟೆ. ನನ್ನನ್ನು ಹೊರಗೆ ಕಳಿಸಿದರು.

ಹೊರಗೆ ಅದೇ ಗಾಜಿನ ಬಾಗಿಲು. ನಾನು ಬೆನ್ನು ಹಾಕಿ ನಿಂತೆ. ಒಳಗೆ ಏನೇನೋ ಬೀಳುವ ಸದ್ದು ಕೇಳುತ್ತಿತ್ತು. ತಿರುಗಲಿಲ್ಲ.

ಅಪ್ಪ


ಫೆಬ್ರವರಿ ೬

ಮಗಳೇ,

ಕೇಂದ್ರದಲ್ಲಿ ಜಾಗ ಸಿಕ್ಕಿತು. ಮಾರ್ಚಿನ ಪರೀಕ್ಷೆಗೆ ಹೆಚ್ಚು ಹೊತ್ತು ಕೊಡಬೇಕೆಂದು ಶಾಲೆಗೆ ಬರೆದಿದ್ದಾರೆ. ಆಟದ ಹೊತ್ತಿನಲ್ಲಿ ಒಳಗೆ ಕೂರಿಸುವುದು ನಿಂತಿದೆ. "ಕಷ್ಟ ತುಂಬಾನೇ ಇದೆ ಸರ್" ಎಂದಳು ಆ ಹೆಣ್ಣುಮಗಳು. ಬಿಸ್ಕತ್ತು ಹಂಚುವ ಸುದ್ದಿಯಲ್ಲ. ಕೇಳಿ ಅಳು ಬಂತು, ಹಗುರವೂ ಆಯಿತು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಮತ್ತೆ ಕೇಳಿದಳು. ಈ ಸಲ ಹೌದು ಎಂದೆ.

"ತಾತ, ಫೇಲಾದೆನಾ?" ಎಂದಳು ಬುಗುರಿ.

"ಇಲ್ಲ ಪುಟ್ಟಾ, ಅಳತೆ ತಗೊಂಡ್ರು ಅಷ್ಟೇ. ದರ್ಜಿ ತಗೊಳ್ಳಲ್ವಾ, ಹಾಗೆ."

ಹೊರಗೆ ಬರುವಾಗ ಮೆಟ್ಟಿಲ ಮೇಲೆ ಬಿದ್ದಳು. ಬಾಯಿಯ ತುದಿಗೆ ಬಂದ "ಏಳು" ಎಂಬುದನ್ನು ನುಂಗಿಕೊಂಡು ನಾನೂ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. "ಎಲ್ಲಿ ನೋವಾಯ್ತು?" ಎಂದು ಕೇಳಿದೆ. ಅವಳು ಕೈಕಾಲು ತಿರುಗಿಸಿ ನೋಡಿಕೊಂಡಳು. ಆಮೇಲೆ ಒಂದೊಂದೇ ಜಾಗ ತೋರಿಸಿದಳು.

ಈ ಲಾರಿಯಲ್ಲಿ ಒಂದು ಡಬ್ಬ ಬರುತ್ತಿದೆ. ಬುಗುರಿಗೆ ಲೇಸಿಲ್ಲದ ಬೂಟು ತರಲು ಹೋಗಿದ್ದೆ, ಪಟ್ಟಿ ಎಳೆದು ಅಂಟಿಸಿದರೆ ಆಯಿತು, ಅಂಥದ್ದು. ನಿನ್ನ ಹಳೇ ಚಪ್ಪಲಿ ಬಾಗಿಲ ಹಿಂದೆ ಬಿದ್ದಿತ್ತು. ಅಳತೆಗೆಂದು ಅದನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಕೆಲಸದ ಬೂಟಿನಲ್ಲಿ ಹಾಗೆ ಬರುವುದಿಲ್ಲ ಎಂದು ಒಬ್ಬ ಅಂದ, ಇನ್ನೊಬ್ಬ ಅಂದ. ಊರೆಲ್ಲ ಸುತ್ತಿ ಕೊನೆಗೆ ಒಂದು ಕಡೆ ಸಿಕ್ಕಿತು. ಇದನ್ನು ಹಾಕಿಕೊಂಡು ಯಾವ ಮೈದಾನಕ್ಕೆ ಬೇಕಾದರೂ ಇಳಿ.

ನಿನ್ನ
ಅಪ್ಪ


ಫೆಬ್ರವರಿ ೨೨

ಅಪ್ಪ,

ಬೂಟು ಬಂತು. ಎಡಗಾಲಿಗೆ ಸ್ವಲ್ಪ ಬಿಗಿ. ಶಿಬಿರದ ನಡುವೆಯೇ, ಎಲ್ಲರೂ ನೋಡುತ್ತಿದ್ದ ಹಾಗೆ, ಕಲ್ಲಿನ ಮೇಲೆ ಕೂತು ಹಾಕಿಕೊಂಡೆ. ಬಿಚ್ಚಿ ಮತ್ತೆ ಹಾಕಿಕೊಂಡೆ. ಕೋಲು ಹಿಡಿಯುವವನು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಮೊನ್ನೆ ಸುರಂಗದ ಎರಡು ಬಾಯಿಗಳು ಕೂಡಿದವು. ಒಂದು ಬೆರಳಿನಷ್ಟು ಹೆಚ್ಚುಕಮ್ಮಿ, ಅಷ್ಟೇ. ನನ್ನ ಕೆಲಸ ಮುಗಿಯಿತು. ಮುಂದಿನ ಲಾರಿಯಲ್ಲಿ ಕಾಗದ ಬರುವುದಿಲ್ಲ, ನಾನೇ ಬರುತ್ತೇನೆ.

ಲಾರಿಯ ಮೆಟ್ಟಿಲು ಎತ್ತರ. ಇಷ್ಟು ವರ್ಷ ನಿಮ್ಮ ಕಣ್ಣೆದುರು ಎಲ್ಲಿಂದ ಇಳಿಯುವುದಿದ್ದರೂ, ನೀವು ನೋಡುತ್ತಿದ್ದೀರಿ ಎಂದು ಉಸಿರು ಬಿಗಿಹಿಡಿದು ಧುಮುಕುತ್ತಿದ್ದೆ. ಈ ಸಲ ನಿಧಾನವಾಗಿ ಇಳಿಯುತ್ತೇನೆ. ಬುಗುರಿಯನ್ನೂ ಕರೆದುಕೊಂಡು ಬನ್ನಿ. ನನ್ನ ಕೈ ಹಿಡಿದುಕೊಳ್ಳಿ ಅಪ್ಪ.

ನಿಮ್ಮ ಮಗಳು